ಜಡ್ಡು ಬರೋಕಿಂತ ಮೊದ್ಲ ಜ್ವಾಳ, ಬ್ಯಾಳಿ ತುಂಬಿಸಿ ಇಡ್ರಿ

ಹೋದ ವರ್ಷ ಶ್ರಾವಣದಾಗ ನಮ್ಮ ಸಣ್ಣ ಮಗಳಿಗೆ ಜ್ವರ ಬಂತ್ರಿ. ಆಟೋ, ಡಾಕ್ಟ್ರ ಫೀ, ರಕ್ತದ ಟೆಸ್ಟು, ಸಲೈನ್ ಅಂತ ಮೂರೇ ದಿನದಾಗ 4,200 ರೂಪಾಯಿ ಹೋಯ್ತು. ಮನಿ ಬಾಡಗಿ ನಿಲ್ಸಂಗಿಲ್ಲ, ಸಂಘದ ಕಂತು ನಿಲ್ಸಂಗಿಲ್ಲ, ಕೈ ಹಚ್ಚಲಿಕ್ಕ ಬರೋದು ಕಿರಾಣಿ ರೊಕ್ಕಕ್ಕ ಅಷ್ಟೇ. ಆ ತಿಂಗಳ ಉದ್ರಿ ಪುಸ್ತಕ ಇನ್ನೂ ಇಟ್ಟೀನಿ, ಅದರಾಗ ಬ್ಯಾಳಿ ಪಾವ್ ಕಿಲೋ, ಎಣ್ಣಿ ಪಾವ್ ಕಿಲೋ, ಮತ್ತ ಬ್ಯಾಳಿ ಪಾವ್ ಕಿಲೋ ಅಂತನೇ ಬರ್ದದ, ಹಿಂಗ ಚೂರುಚೂರು ತಂದ್ರ ತುಟ್ಟಿನೂ ಬೀಳ್ತದ. ಜ್ವರ ಬಿಟ್ಟು ಎದ್ದ ಕೂಸಿಗೆ ಗಟ್ಟಿ ಬ್ಯಾಳಿ ಹಾಕಬೇಕಾಗಿತ್ತು, ನೀರು ಬ್ಯಾಳಿ ಹಾಕಿದೆ. ಅದು ಇನ್ನೂ ಮನಸ್ಸಿಗೆ ಹತ್ತೇದ.

ಹಂಗಾಗಿ ಮೊದಲ್ನೇ ಕೆಲಸ ಕಾಳು. ನಮ್ಮ ಕಲಬುರಗಿ ಕಡಿ ಹೊಸ ತೊಗರಿ ಡಿಸೆಂಬರ್-ಜನವರಿದಾಗ ಬರ್ತದ, ಬಿಳಿ ಜ್ವಾಳ ಫೆಬ್ರವರಿ-ಮಾರ್ಚ್‌ದಾಗ, ಆವಾಗೇ ಕೈಲಾದಷ್ಟು ಹಿಡೀರಿ. ಬಿಸಿಲಿಗೆ ಚಲೋತ್ನಾಗಿ ಒಣಗಿಸಿ, ಆರಿದ ಮ್ಯಾಲ ಒಣಗಿದ ಬೇವಿನ ತಪ್ಲ ಹಾಕಿ ತುಂಬಿಡ್ರಿ. ಅದರಾಗ ಒಂದು ತಿಂಗಳಿಗೆ ಆಗೋವಷ್ಟು ಬ್ಯಾರೆ ಡಬ್ಬ್ಯಾಗ ಇಟ್ಟು, ಜಡ್ಡು ಬಂದ್ರ ಅಷ್ಟೇ ತೆಗೀರಿ, ಹೊಸಾದು ಬಂದಾಗ ಹಳೇದು ಉಂಡು ಬದಲಿ ಮಾಡ್ರಿ.

ರೊಕ್ಕದ ಡಬ್ಬಿನೂ ಬ್ಯಾರೆ ಇರಬೇಕ್ರಿ. ವಾರದ ಪಗಾರ ಬಂದ ದಿನ 50 ಆಗ್ಲಿ 100 ಆಗ್ಲಿ ಸಂತಿಗೆ ಹೋಗೋಕಿಂತ ಮೊದ್ಲೇ ಹಾಕ್ರಿ, ಉಳಿದ್ರ ಹಾಕ್ತೀನಿ ಅಂದ್ರ ಉಳಿಯಂಗಿಲ್ಲ.

ಆಮ್ಯಾಲ ಮನ್ಯಾಗ ಥರ್ಮಾಮೀಟರ್, ಪ್ಯಾರಾಸಿಟಮಾಲ್, ನಾಲ್ಕು ಓಆರ್‌ಎಸ್ ಪಾಕೀಟು ಇರ್ಲಿ. ಓಆರ್‌ಎಸ್ ಆಶಾ ಅಕ್ಕೋರ ಕಡಿ ಪುಕ್ಕಟ ಸಿಗ್ತದ, ರಾತ್ರಿ ವಾಂತಿ-ಭೇದಿ ಸುರು ಆಗಿ ಪಾಕೀಟು ಇಲ್ಲಾಂದ್ರ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರಿ, ಅರ್ಧ ಸಣ್ಣ ಚಮಚ ಉಪ್ಪು, ಪ್ರತಿ ಚಮಚ ಅಂಚಿಗೆ ಸಮಾ ಇರ್ಲಿ, ಗುಡ್ಡಿ ಹಾಕಬ್ಯಾಡ್ರಿ, ಉಪ್ಪು ಹೆಚ್ಚಾದ್ರ ಕೂಸಿಗೆ ಅಪಾಯ. ದಿನಾ ನುಂಗೋ ಬಿಪಿ, ಶುಗರ್ ಗುಳಿಗಿ ಇದ್ರ ಡಾಕ್ಟ್ರಿಗೆ ಕೇಳಿ ಜನೌಷಧಿ ಕೇಂದ್ರದಾಗ ತಗೋರಿ, ಭಾಳ ಸೋವಿ ಬೀಳ್ತದ.

ಒಂದು ಮಾತು, ರೊಕ್ಕ ಉಳಿಸಲಿಕ್ಕ ದವಾಖಾನಿ ಮಾತ್ರ ತಡಾ ಮಾಡಬ್ಯಾಡ್ರಿ. ಕೂಸು ಉಚ್ಚಿ ಮಾಡೋದು ಕಮ್ಮಿ ಆದ್ರ, ಕುಡಿದಿದ್ದೆಲ್ಲ ಕಾರಿಕೊಂಡ್ರ, ಜ್ವರದಾಗ ಹೊಟ್ಟಿ ನೋವು ಬಂದ್ರ, ಇಲ್ಲಾಂದ್ರ ರಕ್ತ ಕಾಣಿಸಿದ್ರ ತಕ್ಷಣ 108ಕ್ಕ ಫೋನ್ ಹಚ್ಚರಿ, ಅದು ಪುಕ್ಕಟ.

ಕಾಗದನೂ ಈಗೇ ಕೂಡಿಸ್ರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಾಗ ಬಿಪಿಎಲ್ ಮನಿತನಕ್ಕ ವರ್ಷಕ್ಕ 5 ಲಕ್ಷದ ತನಕ ಚಿಕಿತ್ಸೆ ಅದ, ಆದ್ರ ಮೊದ್ಲ ಸರ್ಕಾರಿ ದವಾಖಾನಿಗೆ ಹೋಗಬೇಕು, ಅಲ್ಲಿ ಆಗದಿದ್ರ ಅವ್ರೇ ರೆಫರ್ ಮಾಡ್ತಾರ, ಎಮರ್ಜೆನ್ಸಿ ಇದ್ರ ರೆಫರ್ ಬೇಕಾಗಂಗಿಲ್ಲ. ರೇಷನ್ ಕಾರ್ಡ್, ಎಲ್ಲಾರ ಆಧಾರ್ ಜೆರಾಕ್ಸ್ ಒಂದೇ ಚೀಲದಾಗ ಇಡ್ರಿ. ನಮ್ಮ ಮನ್ಯಾಗ ಆ ಚೀಲ ಜ್ವಾಳದ ಡಬ್ಬಿ ಬಾಜೂಕ ಗ್ವಾಡಿ ಮೊಳಿಗೆ ತೂಗು ಹಾಕೀವಿ, ನಮ್ಮ ಅತ್ತಿಯೋರಿಗೂ ಗೊತ್ತದ.