ಕೂದಲು ಕಸಿಯ ನಂತರ ಉಳಿದ ಕಲೆಯನ್ನು ನಿಭಾಯಿಸುವ ಬಗೆ

ಕೂದಲು ಕಸಿ ಮಾಡಿಸಿಕೊಂಡವರು ಮೊದಲ ಕೆಲವು ತಿಂಗಳು ಕನ್ನಡಿಯಲ್ಲಿ ಮುಂದಲೆಯನ್ನಷ್ಟೇ ನೋಡಿಕೊಳ್ಳುತ್ತಾರೆ. ಕಸಿಗೆ ಕೂದಲನ್ನು ಕೊಟ್ಟ ಹಿಂದಲೆ ನೆನಪಾಗುವುದು, ಕ್ಷೌರದ ಕುರ್ಚಿಯಲ್ಲಿ ಕೂತಾಗ ಹಿಂದಿನಿಂದ ‘ಇಲ್ಲೇನಾದರೂ ಪೆಟ್ಟಾಗಿತ್ತೆ?’ ಎಂಬ ಪ್ರಶ್ನೆ ಬಂದಾಗ. ಕಲೆ ಉಳಿಸದ ಕಸಿ ಎಂಬುದಿಲ್ಲ. ಚರ್ಮವನ್ನು ಆಳಕ್ಕೆ ಕೊಯ್ದ ಕಡೆಯಲ್ಲೆಲ್ಲ ದೇಹವು ಹಳೆಯ ಚರ್ಮವನ್ನು ಮರಳಿ ಕಟ್ಟುವುದಿಲ್ಲ, ಕೂದಲ ಬೇರಿಲ್ಲದ, ಬಣ್ಣ ಕಡಿಮೆಯಿರುವ ನಾರಿನಂಥ ತೇಪೆಯೊಂದನ್ನು ಹಾಕಿ ಮುಗಿಸುತ್ತದೆ. 1959ರಲ್ಲಿ ಅಮೆರಿಕದ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ ಪ್ರಕಟಿಸಿದ ವಿಧಾನ ಹಬ್ಬಿದ ಕಾಲದಲ್ಲಿ ಸುಮಾರು 4 ಮಿ.ಮೀ. ಅಗಲದ, ಕೂದಲಿರುವ ಚರ್ಮದ ತುಂಡುಗಳನ್ನು ತೆಗೆಯುತ್ತಿದ್ದರು. ಇಂದು ಬೇರು ತೆಗೆಯುವ ಉಪಕರಣದ ಬಾಯಿ ಹೆಚ್ಚಾಗಿ 0.7ರಿಂದ 1 ಮಿ.ಮೀ. ಮಾತ್ರ. ಕಲೆ ಕಿರಿದಾಗಿದೆ, ಆದರೆ ಇಲ್ಲವಾಗಿಲ್ಲ. ‘ಕಲೆರಹಿತ’ ಎಂಬ ಜಾಹೀರಾತಿನ ಮಾತನ್ನು ನಂಬಿ ಬಂದವರಿಗೆ ಕಲೆಗಿಂತ ಆ ಮಾತು ಸುಳ್ಳಾದದ್ದೇ ಹೆಚ್ಚು ನೋಯಿಸುವುದುಂಟು.

ಮೊದಲ ಕೆಲಸ, ನಿಮ್ಮ ತಲೆಯ ಮೇಲಿರುವುದು ಯಾವ ಬಗೆಯ ಕಲೆ ಎಂದು ಗುರುತಿಸುವುದು. ಗೋಡೆಯ ಕನ್ನಡಿಗೆ ಬೆನ್ನು ಮಾಡಿ, ಕೈಗನ್ನಡಿಯನ್ನು ಮುಂದೆ ಹಿಡಿದು, ಹಿಂದಲೆಯ ಕೂದಲನ್ನು ಬಾಚಣಿಗೆಯಿಂದ ಮೇಲಕ್ಕೆತ್ತಿ ನೋಡಿ. ಒಂದು ಕಿವಿಯ ಹಿಂದಿನಿಂದ ಇನ್ನೊಂದರ ಹಿಂದಕ್ಕೆ ಗೆರೆಯೊಂದು ಹಾದುಹೋಗಿದ್ದರೆ ಅದು ಪಟ್ಟಿ ಕೊಯ್ದು ತೆಗೆದ ಎಫ್‌ಯುಟಿ ವಿಧಾನದ ಗುರುತು. ಗೆರೆಯಿಲ್ಲದೆ ಸಾಸಿವೆ ಚೆಲ್ಲಿದಂತೆ ಬಿಳಿಯ ಚುಕ್ಕೆಗಳಿದ್ದರೆ ಬೇರುಗಳನ್ನು ಒಂದೊಂದಾಗಿ ತೆಗೆದ ಎಫ್‌ಯುಇ ವಿಧಾನದ್ದು. ಚುಕ್ಕೆಗಳ ನಡುವೆ ಕೂದಲೇ ವಿರಳವಾಗಿ, ನುಸಿ ತಿಂದ ಬಟ್ಟೆಯಂತೆ ಕಂಡರೆ, ಅಲ್ಲಿಂದ ಮಿತಿಮೀರಿ ಬೇರು ತೆಗೆದಿರುವ ಸಾಧ್ಯತೆ ಹೆಚ್ಚು. ಕಸಿ ನೆಟ್ಟ ಜಾಗದಲ್ಲೂ ಸಣ್ಣ ಗುಳಿ ಅಥವಾ ಉಬ್ಬುಗಳು ಉಳಿಯಬಹುದು. ಗೆರೆಯಿದ್ದವರು ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಅದರ ಅಗಲವನ್ನು ಚಿತ್ರಸಹಿತ ದಾಖಲಿಸಿಕೊಳ್ಳಬೇಕು. ತಿಂಗಳಿಗೊಮ್ಮೆ, ಅದೇ ಬೆಳಕಿನಲ್ಲಿ, ಅದೇ ದೂರದಿಂದ ತೆಗೆದ ಚಿತ್ರ ಸಾಕು. ದಿನಕ್ಕೆ ಹತ್ತು ಸಲ ನೋಡುವ ಕಣ್ಣು ಬದಲಾವಣೆಯನ್ನು ಅಳೆಯಲಾರದು.

ಎರಡನೆಯ ಪ್ರಶ್ನೆ ಕಲೆಯ ವಯಸ್ಸಿನದು, ಮತ್ತು ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ. ಮೊದಲ ತಿಂಗಳುಗಳಲ್ಲಿ ಕಲೆ ಕೆಂಪಾಗಿ, ಗಟ್ಟಿಯಾಗಿ, ತುಸು ತುರಿಸುತ್ತ ಇರುವುದು ಸಹಜ. ಅದು ಮಾಗಿ ಮಸುಕಾಗಲು ಒಂದು ವರ್ಷ, ಕೆಲವರಲ್ಲಿ ಒಂದೂವರೆ ವರ್ಷ ಬೇಕು. ಇದಲ್ಲದೆ, ಶಸ್ತ್ರಕ್ರಿಯೆಯ ಆಘಾತದಿಂದ ಕಲೆಯ ಅಕ್ಕಪಕ್ಕದ ಒಳ್ಳೆಯ ಕೂದಲೂ ಉದುರಿ, ಮೂರ್ನಾಲ್ಕು ತಿಂಗಳ ನಂತರ ಮರಳಿ ಹುಟ್ಟುವುದುಂಟು. ಆ ನಡುವಿನ ಅವಧಿಯಲ್ಲಿ ಕಲೆ ಅದರ ನಿಜವಾದ ಗಾತ್ರಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಮೂರನೆಯ ತಿಂಗಳಲ್ಲಿ ಕಂಗೆಟ್ಟು ತಿದ್ದುಪಡಿಯ ಶಸ್ತ್ರಕ್ರಿಯೆಗೆ ಮುಂಗಡ ಕೊಡುವುದು, ನನ್ನ ದೃಷ್ಟಿಯಲ್ಲಿ, ಈ ವಿಷಯದಲ್ಲಿ ಮಾಡಬಹುದಾದ ಅತಿ ದುಬಾರಿ ತಪ್ಪು.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಪಟ್ಟಿ ಕೊಯ್ದ ಗಾಯ ಅಗಲವಾಗಲು ಎರಡು ಬದಿಯ ಚರ್ಮದ ಎಳೆತ ದೊಡ್ಡ ಕಾರಣ. ಹೊಲಿಗೆ ಬಿಚ್ಚಿದ ಮೇಲೂ ಕೆಲವು ವಾರ ಭಾರ ಎತ್ತುವುದು, ಕುತ್ತಿಗೆಯನ್ನು ಮುಂದಕ್ಕೆ ಬಲವಾಗಿ ಬಗ್ಗಿಸುವ ವ್ಯಾಯಾಮ ಮಾಡುವುದು ಬೇಡ, ಮತ್ತೆ ಯಾವಾಗ ಆರಂಭಿಸಬೇಕೆಂಬುದನ್ನು ಶಸ್ತ್ರವೈದ್ಯರೇ ಹೇಳಬೇಕು. ಹೊಸ ಕಲೆಗೆ ಬಿಸಿಲು ತಾಗಿದರೆ ಬಣ್ಣ ಗಾಢವಾಗುವುದರಿಂದ ಸಡಿಲವಾದ ಟೋಪಿ ಒಳ್ಳೆಯದು. ಗಾಯ ಪೂರ್ತಿ ಮುಚ್ಚಿದ ಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಬಹುದು. ಉಬ್ಬುವ ಸ್ವಭಾವದ ಕಲೆಗೆ ಸಿಲಿಕೋನ್ ಜೆಲ್ ಅನ್ನು ವೈದ್ಯರ ಒಪ್ಪಿಗೆಯಿಂದ ಎರಡು ಮೂರು ತಿಂಗಳು ದಿನವೂ ಹಚ್ಚುವ ರೂಢಿಯಿದೆ. ಕೂದಲ ನಡುವೆ ಸಿಲಿಕೋನ್ ಹಾಳೆ ಅಂಟಿ ನಿಲ್ಲದು, ಅದಕ್ಕಾಗಿ ಹಣ ಕೊಡಬೇಡಿ. ಕೀವು, ಜ್ವರ, ಹರಡುತ್ತಿರುವ ಕೆಂಪು, ಕಪ್ಪುಗಟ್ಟುತ್ತಿರುವ ಚರ್ಮ ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಗಾಯದ ಅಂಚನ್ನೂ ದಾಟಿ ಬೆಳೆಯುವ ಗಂಟು ಕೆಲಾಯ್ಡ್ ಆಗಿರಬಹುದು. ಅದಕ್ಕೆ ಚರ್ಮವೈದ್ಯರು ಕೆಲವು ವಾರಗಳ ಅಂತರದಲ್ಲಿ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಅಂಥ ಗಂಟನ್ನು ಬರೀ ಕೊಯ್ದು ತೆಗೆದರೆ ಮೊದಲಿಗಿಂತ ದೊಡ್ಡದಾಗಿ ಮರಳುವ ಅಪಾಯವಿದೆ.

ಮಾಗಿದ ಕಲೆಯನ್ನು ಮರೆಮಾಡಲು ಕೂದಲ ಉದ್ದಕ್ಕಿಂತ ಅಗ್ಗದ, ಅದಕ್ಕಿಂತ ನಂಬಿಕೆಯ ಸಾಧನ ಬೇರೊಂದಿಲ್ಲ. ಚುಕ್ಕೆ ಕಲೆಗಳು ಹಲವರಲ್ಲಿ 3ರಿಂದ 6 ಮಿ.ಮೀ. ಉದ್ದದಲ್ಲೇ ಮರೆಯಾಗುತ್ತವೆ, ಗೆರೆಗೆ 12 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬೇಕಾಗಬಹುದು. ನಿಮ್ಮ ಅಳತೆಯನ್ನು ಕಂಡುಕೊಳ್ಳುವ ಕ್ರಮ ಹೀಗಿದೆ: ಕೂದಲನ್ನು ಚೆನ್ನಾಗಿ ಬೆಳೆಯಲು ಬಿಟ್ಟು, ಕ್ಷೌರಿಕರಿಗೆ ಮೊದಲೇ ಕಲೆಯ ವಿಷಯ ತಿಳಿಸಿ, ಉದ್ದನೆಯ ಗಾರ್ಡ್ (ಕೂದಲ ಉದ್ದವನ್ನು ನಿಗದಿಪಡಿಸುವ ಬಾಚಣಿಗೆಯಂಥ ಭಾಗ) ಹಾಕಿದ ಟ್ರಿಮ್ಮರ್‌ನಿಂದ ಆರಂಭಿಸಲು ಹೇಳಿ. ಒಂದು ಸುತ್ತು ಮುಗಿದ ಮೇಲೆ ಕೂದಲನ್ನು ತಲೆಗೆ ಒತ್ತಿ ಬಾಚಿ, ನೇರವಾಗಿ ಮೇಲಿನಿಂದ ಬೀಳುವ ಬೆಳಕಿನಲ್ಲಿ ಹಿಂದಿನಿಂದ ಚಿತ್ರ ತೆಗೆಸಿ. ಏನೂ ಕಾಣದಿದ್ದರೆ ಮುಂದಿನ ಗಾರ್ಡಿಗೆ ಇಳಿಯಿರಿ. ಮಸುಕಾಗಿ ಗೆರೆ ಮೂಡಿದ ಕೂಡಲೇ ನಿಲ್ಲಿಸಿ. ಆ ಗಾರ್ಡಿಗಿಂತ ಒಂದು ಮೆಟ್ಟಿಲು ಮೇಲಿನದೇ ನಿಮ್ಮ ಅಳತೆ, ಅದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಕೂದಲು ಒದ್ದೆಯಾದಾಗ ಗೊಂಚಲುಗಟ್ಟಿ ಕಲೆ ಇಣುಕುತ್ತದೆ. ಈಜುವವರು ಇನ್ನೂ ತುಸು ಉದ್ದ ಬಿಡುವುದು ಕ್ಷೇಮ. ವಂಶವಾಹಿ ಬೋಳುತನ ಮುಂದುವರಿದು ಹಿಂದಲೆಯೂ ತೆಳುವಾದರೆ ಈ ಲೆಕ್ಕ ತಪ್ಪುವುದರಿಂದ, ವೈದ್ಯರು ಬರೆದುಕೊಟ್ಟ ಔಷಧವನ್ನು ಕಸಿಯಾಯಿತೆಂದು ತಾವಾಗಿ ನಿಲ್ಲಿಸಬಾರದು.

ಉದ್ದ ಬಿಡಲು ಒಪ್ಪದವರಿಗೆ ಬಣ್ಣದ ದಾರಿಯಿದೆ. ಕೆರಾಟಿನ್ (ಕೂದಲಿನಲ್ಲೇ ಇರುವ ಪ್ರೋಟೀನ್) ನಾರಿನ ಪುಡಿ ಸುತ್ತಲಿನ ಕೂದಲಿಗೆ ಅಂಟಿಕೊಂಡು ಕಲೆಯನ್ನು ಮುಚ್ಚುತ್ತದೆ, ಆದರೆ ಕೂದಲೇ ಇಲ್ಲದ ಅಗಲವಾದ ಪಟ್ಟಿಯ ಮೇಲೆ ಅದಕ್ಕೆ ಹಿಡಿತವಿಲ್ಲ. ಬೆವರಿದರೆ ಕಾಲರಿನ ಮೇಲೆ ಇಳಿಯುತ್ತದೆ. ಮೈಕ್ರೋಪಿಗ್ಮೆಂಟೇಶನ್ ಎಂಬ ಸೂಕ್ಷ್ಮ ಹಚ್ಚೆ ಹೆಚ್ಚು ಕಾಲ ನಿಲ್ಲುತ್ತದೆ. ಕತ್ತರಿಸಿದ ಕೂದಲ ತುದಿಯಷ್ಟು ಸಣ್ಣ ಚುಕ್ಕೆಗಳನ್ನು ಕೆಲವು ಬೈಠಕ್‌ಗಳಲ್ಲಿ ಹಾಕಿ, ಬಿಳಿಯ ಕಲೆಗೂ ಕಪ್ಪು ಕೂದಲಿಗೂ ಇರುವ ಅಂತರವನ್ನು ಕಡಿಮೆ ಮಾಡುತ್ತಾರೆ. ಕೆಲವು ವರ್ಷಗಳಲ್ಲಿ ಅದು ಮಸುಕಾಗಿ ಮತ್ತೆ ತುಂಬಿಸಬೇಕಾಗುತ್ತದೆ. ಕಲೆಯ ಅಂಗಾಂಶವು ಬಣ್ಣವನ್ನು ಸಮನಾಗಿ ಹೀರುವುದಿಲ್ಲ, ಸೂಜಿ ಆಳಕ್ಕಿಳಿದರೆ ಚುಕ್ಕೆ ಹರಡಿ ನೀಲಿ ಛಾಯೆ ಬರುತ್ತದೆ. ಹೀಗಾಗಿ ಕಲೆ ಮಾಗಿದ ಮೇಲೆಯೇ ಹೋಗಬೇಕು, ಮೊದಲು ಬೆರಳುಗುರಿನಷ್ಟು ಜಾಗದಲ್ಲಿ ಮಾಡಿಸಿ ಕೆಲವು ವಾರ ಕಾದು ನೋಡಬೇಕು, ಮತ್ತು ಕಲೆಯ ಮೇಲೆಯೇ ಕೆಲಸ ಮಾಡಿದ ಅನುಭವವುಳ್ಳವರನ್ನು ಹುಡುಕಬೇಕು.

ಯಾರಾದರೂ ಕೇಳಿದಾಗ ಏನು ಹೇಳಬೇಕೆಂಬುದನ್ನು ಮೊದಲೇ ತೀರ್ಮಾನಿಸಿಕೊಂಡವರಿಗೆ ಹೊರಗೆ ಹೋಗುವುದು ಹಗುರವಾಗುತ್ತದೆ. ‘ಸಣ್ಣ ಶಸ್ತ್ರಕ್ರಿಯೆಯಾಗಿತ್ತು, ಈಗ ವಾಸಿಯಾಗಿದೆ’ ಎಂಬ ಒಂದು ವಾಕ್ಯ ಸುಳ್ಳೂ ಅಲ್ಲ, ವಿವರಣೆಯೂ ಅಲ್ಲ. ಆದರೆ ಕಲೆಯ ಯೋಚನೆಯಿಂದಲೇ ದಿನದ ಗಂಟೆಗಳು ಕಳೆಯುತ್ತಿದ್ದರೆ, ಜನರ ಮುಂದೆ ಬೆನ್ನು ತಿರುಗಿಸಲೂ ಅಂಜಿಕೆಯಾಗುತ್ತಿದ್ದರೆ, ಮತ್ತೊಂದು ಶಸ್ತ್ರಕ್ರಿಯೆಗಿಂತ ಮೊದಲು ಮನೋವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಬೇಕು. ಅಂಥ ಸ್ಥಿತಿಯಲ್ಲಿ ಎಷ್ಟು ಚೆನ್ನಾಗಿ ತಿದ್ದಿದರೂ ಕಣ್ಣಿಗೆ ತೃಪ್ತಿಯಾಗುವುದಿಲ್ಲ.

ಇಷ್ಟಾದ ಮೇಲೂ ತಿದ್ದುಪಡಿ ಬೇಕೆನಿಸಿದರೆ ಎರಡು ಮುಖ್ಯ ದಾರಿಗಳಿವೆ. ಒಂದು, ಅಗಲವಾದ ಗೆರೆಯನ್ನು ಕೊಯ್ದು ಮತ್ತೆ ಹೊಲಿಯುವುದು. ಗಾಯದ ಒಂದು ಅಂಚನ್ನು ತೆಳುವಾಗಿ ಕತ್ತರಿಸಿ ಕಲೆಯ ಮೂಲಕವೇ ಕೂದಲು ಹೊರಬರುವಂತೆ ಹೊಲಿಯುವ ಕ್ರಮವೂ ಇದೆ. ಚರ್ಮ ಸಡಿಲವಿಲ್ಲದಿದ್ದರೆ ಗೆರೆ ಮತ್ತೆ ಅಗಲವಾಗುತ್ತದೆ. ಇನ್ನೊಂದು, ಕಲೆಯೊಳಗೇ ತಲೆಯ ಅಥವಾ ಗಡ್ಡದ ಕೂದಲನ್ನು ನೆಡುವುದು. ಕಲೆಯಲ್ಲಿ ರಕ್ತಸಂಚಾರ ಕಡಿಮೆಯಿರುವ ಕಾರಣ ನೆಟ್ಟದ್ದೆಲ್ಲ ಬೇರುಬಿಡುವುದಿಲ್ಲ, ಆದ್ದರಿಂದ ವಿರಳವಾಗಿ, ಹಂತಹಂತವಾಗಿ ನೆಡುತ್ತಾರೆ. ಸಲಹೆಗೆ ಹೋಗುವಾಗ ಹಳೆಯ ಶಸ್ತ್ರಕ್ರಿಯೆಯ ದಾಖಲೆ, ತೆಗೆದ ಬೇರುತುಂಡುಗಳ ಅಂದರೆ ಗ್ರಾಫ್ಟ್‌ಗಳ ಸಂಖ್ಯೆ ಮತ್ತು ತಿಂಗಳುವಾರು ಚಿತ್ರಗಳನ್ನು ಒಯ್ಯಿರಿ. ತಾವೇ ತಿದ್ದಿದ ಕಲೆಗಳ ಚಿತ್ರವನ್ನು, ಒಂದು ವರ್ಷ ಕಳೆದ ನಂತರದ್ದನ್ನು, ಕೂದಲು ಎತ್ತಿ ತೆಗೆದದ್ದನ್ನು ತೋರಿಸುವಂತೆ ವೈದ್ಯರನ್ನು ಕೇಳಿ. ಹೊಲಿಗೆ ಬಿಚ್ಚಿದ ವಾರದ ಚಿತ್ರವನ್ನಷ್ಟೇ ತೋರಿಸಿದರೆ ಇನ್ನೊಬ್ಬರ ಅಭಿಪ್ರಾಯ ಪಡೆಯದೆ ಒಪ್ಪಿಗೆಪತ್ರಕ್ಕೆ ಸಹಿ ಹಾಕಬೇಡಿ.