ಗೆರಟೆಯಲ್ಲಿ ಓಲೆ, ಪೇಪರ್ ಸುರುಳಿಯಲ್ಲಿ ಬಳೆ

ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಸರ, ಓಲೆ, ಬಳೆ ಎಲ್ಲ ಒಂದೇ ಡಬ್ಬದಲ್ಲಿ ತುಂಬಿಸಿಟ್ಟರೆ ಸಿಕ್ಕಾಗುವುದು ಮಾತ್ರ ಅಲ್ಲ, ಬೇಗ ಕಪ್ಪಾಗುತ್ತವೆ ಅಲ್ವಾ? ಸುಮ್ನೆ ದುಡ್ಡು ಕೊಟ್ಟು ಸ್ಟ್ಯಾಂಡ್ ತರಬೇಡಿ.

ಓಲೆ, ಉಂಗುರಕ್ಕೆ ತೆಂಗಿನ ಗೆರಟೆಯೇ ಚಂದ. ಕಣ್ಣಿಲ್ಲದ ಅರ್ಧ ತೆಗೆದುಕೊಳ್ಳಿ. ಒಳಗಿನ ಕಾಯಿ ಪೂರ್ತಿ ಕೆರೆಯಿರಿ, ಸ್ವಲ್ಪ ಉಳಿದರೂ ಬೂಸ್ಟು ಬರುತ್ತದೆ. ಚೆನ್ನಾಗಿ ಒಣಗಿದ ಮೇಲೆ ಮರಳು ಕಾಗದದಲ್ಲಿ ಉಜ್ಜಿ, ಹೊರಗೆ ಮಾತ್ರ ಒಂದು ಹನಿ ತೆಂಗಿನೆಣ್ಣೆ ಹಚ್ಚಿ. ಅಲುಗಾಡದೆ ಕೂರಲು ಅಡಿಗೆ ಹಳೆ ಬಳೆಯೊಂದನ್ನು ಅಂಟಿಸಿ. ಓಲೆಯ ಜೋಡಿ ತಪ್ಪದಿರಲು ಎರಡನ್ನೂ ಒಂದೇ ಬಟನ್‌ನ ತೂತಿಗೆ ಸಿಕ್ಕಿಸಿ.

ಬಳೆಗೆ ಹಳೆ ಪೇಪರನ್ನು ಬಿಗಿಯಾಗಿ ಸುತ್ತಿ, ಮೇಲೆ ರವಿಕೆ ಬಟ್ಟೆ ಹೊಲಿಯಿರಿ. ಒಂದೂವರೆ ಇಂಚು ದಪ್ಪ ಸಾಕು. 2.4 ಸೈಜಿನ ಬಳೆಯ ಒಳ ಅಗಲ ಎರಡೂಕಾಲು ಇಂಚು, ಸಲೀಸಾಗಿ ಹೋಗುತ್ತದೆ.

ಬೆಳ್ಳಿ ಗೆಜ್ಜೆಗೆ ರಬ್ಬರ್ ಬ್ಯಾಂಡ್ ಮಾತ್ರ ಹಾಕಲೇಬೇಡಿ. ರಬ್ಬರಿನಲ್ಲಿರುವ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಸೀಮೆಸುಣ್ಣದ ತುಂಡುಗಳ ಜೊತೆ ಇಡಿ. ಅವು ತೇವ ಹೀರುತ್ತವೆ. ಬಿಸಿಲು ಬಂದ ದಿನ ತುಂಡುಗಳನ್ನು ಒಣಗಿಸಿ ಮತ್ತೆ ಹಾಕಿ.