ವಖಾರಿಯ ಬಾಗಿಲು ತೆಗೆದ ಮೇಲೆ

ನಾನು ಶಿರಸಿಯಲ್ಲಿ ಪಿಗ್ಮಿ ಕಲೆಕ್ಷನ್ ಮಾಡುವವನು, ಅಂದರೆ ಅಂಗಡಿಯವರು ದಿನಾ ಕಟ್ಟುವ ಸಣ್ಣ ಉಳಿತಾಯದ ದುಡ್ಡು ಸಂಗ್ರಹಿಸುವವನು. 18 ವರ್ಷದಿಂದ ದಿನಾ ಸಂಜೆ ಅದೇ ಗಲ್ಲಿ, ಅದೇ ಅಂಗಡಿಗಳು. ಯಾರ ವ್ಯಾಪಾರ ಹೇಗಿದೆ ಅಂತ ನಾನು ಕೇಳಬೇಕಾಗಿಲ್ಲ, ಪಿಗ್ಮಿ ಪುಸ್ತಕವೇ ಹೇಳುತ್ತದೆ. ದಿನಕ್ಕೆ 100 ರೂಪಾಯಿ ಕಟ್ಟುವವರು 50ಕ್ಕೆ ಇಳಿಯುತ್ತಾರೆ, ಆಮೇಲೆ "ನಾಳೆ ಬಾ ತಮ್ಮಾ" ಅನ್ನಲು ಶುರು ಮಾಡುತ್ತಾರೆ, ಕೊನೆಗೊಂದು ದಿನ ಶಟರ್ ಕೆಳಗೆ ಎಳೆದಿರುತ್ತದೆ. ನಮ್ಮ ಗಲ್ಲಿಯಲ್ಲಿ ಹೀಗೆ ಒಂದೊಂದೇ ಶಟರ್ ಇಳಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೊದಲು ಇಲ್ಲಿ ಅಡಿಕೆ ತುಂಬಿಡುವ ವಖಾರಿಗಳಿದ್ದವು. ಸುಗ್ಗಿ ಬಂತು ಅಂದರೆ ಗಾಡಿ, ಹಮಾಲರು, ಚಾಲಿ ಅಡಿಕೆ ಆರಿಸುವ ಹೆಂಗಸರು, ಅವರಿಗೆಲ್ಲ ಚಾ ಕೊಡುವ ಹೋಟೆಲು. ವ್ಯಾಪಾರವೆಲ್ಲ ಎಪಿಎಂಸಿ ಯಾರ್ಡು, ಸಹಕಾರಿ ಸಂಘಗಳ ಕಡೆ ಹೋದ ಮೇಲೆ ವಖಾರಿಗೆ ಬೀಗ ಬಿತ್ತು. ಸಂಜೆ 7 ಗಂಟೆಗೆ ಕತ್ತಲು. ಮಕ್ಕಳನ್ನು ಟ್ಯೂಷನ್ನಿಂದ ಕರೆದುಕೊಂಡು ಬರುವ ತಾಯಂದಿರು ಸುತ್ತು ಹಾಕಿ ಮೇನ್ ರೋಡಿನಿಂದ ಹೋಗುತ್ತಿದ್ದರು.

ನನಗೆ ಮದ್ದಳೆ ಬಾರಿಸುವ ಹುಚ್ಚು. ನಮ್ಮದು ಏಳೆಂಟು ಜನರ ಹವ್ಯಾಸಿ ಯಕ್ಷಗಾನ ತಂಡ. ಒಬ್ಬರು ಶಾಲೆಯ ಅಕ್ಕೋರು, ಒಬ್ಬ ಲೈನ್‌ಮನ್, ಇಬ್ಬರು ತೋಟದವರು, ಉಳಿದವರು ಹೀಗೇ ಏನೋ ಒಂದು ಕೆಲಸ ಮಾಡುವವರು. ತಾಲೀಮಿಗೆ ಜಾಗ ಇರಲಿಲ್ಲ. ಯಾರದೋ ಮನೆ ಜಗಲಿಯಲ್ಲಿ ಶುರು ಮಾಡಿದರೆ ಚಂಡೆ ಸದ್ದಿಗೆ ಅಕ್ಕಪಕ್ಕದವರು ಬಂದು ನಿಲ್ಲುತ್ತಿದ್ದರು. ಆಗ ಕಣ್ಣಿಗೆ ಬಿದ್ದದ್ದು ಆ ಖಾಲಿ ವಖಾರಿ. ಯಜಮಾನರು ಊರಲ್ಲಿಲ್ಲ, ಬೀಗದ ಕೈ ಅವರ ಅಕ್ಕನ ಹತ್ತಿರ. ನಾವೆಲ್ಲ ಅವರಿಗೆ ದೊಡ್ಡಮ್ಮ ಅಂತಲೇ ಕರೆಯುವುದು. ಹೋಗಿ ಕೇಳಿದೆವು. "ಕುಣಿತ ಮಾಡ್ತ್ರನ? ಮಾಡಿ. ಆದ್ರೆ ದಿನಾ ಕಸ ಹೊಡಿಯವು" ಅಂದರು. ದಿನಾ ಕಸ ಗುಡಿಸಬೇಕು, ಅಷ್ಟೇ ಕರಾರು.

ಒಂದು ಭಾನುವಾರ ಪೂರ್ತಿ ಗುಡಿಸಿದೆವು. ಗೋಣಿಚೀಲದ ಧೂಳು, ಹೆಗ್ಗಣದ ಬಿಲ, ಮೂಲೆಯಲ್ಲಿ ಇನ್ನೂ ಒಂದು ಬುಟ್ಟಿ ಗೋಟಡಿಕೆ. ನಮ್ಮ ಲೈನ್‌ಮನ್ ಗೆಳೆಯ ಒಳಗೆ ನಾಲ್ಕು ಟ್ಯೂಬ್‌ಲೈಟ್ ಹಾಕಿದ. ಬಾಗಿಲ ಹೊರಗೂ ಒಂದು ಬಲ್ಬ್ ಹಾಕಿಸಿದೆವು. ನಮ್ಮ ಚಪ್ಪಲಿ ಕಾಣಲಿ ಅಂತ ಹಾಕಿಸಿದ ಬಲ್ಬ್ ಅದು. ಆದರೆ ಗಲ್ಲಿಗೆ ಮೊದಲು ಉಪಯೋಗಕ್ಕೆ ಬಂದದ್ದು ಅದೇ! ಎರಡು ವಾರದಲ್ಲಿ ಜನ ಮತ್ತೆ ಆ ದಾರಿಯಲ್ಲಿ ಓಡಾಡತೊಡಗಿದರು.

ಮಂಗಳವಾರ ಮತ್ತು ಶುಕ್ರವಾರ ಮಕ್ಕಳಿಗೆ ಹೆಜ್ಜೆ ಹೇಳಿಕೊಡಲು ಶುರು ಮಾಡಿದೆವು. ಮೊದಲ ದಿನ ಬಂದದ್ದು 6 ಮಕ್ಕಳು. ಮಕ್ಕಳ ಜೊತೆ ಅಪ್ಪನೋ ಅಮ್ಮನೋ ಅಜ್ಜನೋ ಒಬ್ಬರು ಬರಲೇಬೇಕಲ್ವಾ? ಮಕ್ಕಳು ಒಳಗೆ ಏಕತಾಳಕ್ಕೆ ಕಾಲು ಹಾಕುವಾಗ ಈ ದೊಡ್ಡವರು ಒಂದೂವರೆ ತಾಸು ಹೊರಗೆ ಏನು ಮಾಡಬೇಕು? ಎದುರಿಗಿನ ಕಷಾಯದ ಅಂಗಡಿಯವರು 6 ಗಂಟೆಗೆ ಬಾಗಿಲು ಹಾಕುವವರು, ಆ ಎರಡು ದಿನ 8ರವರೆಗೆ ತೆರೆದಿಟ್ಟರು. ಆಮೇಲೆ ಮಿರ್ಚಿ ಭಜೆ ಬಾಣಲೆಯೂ ಬಂತು. ಅವರ ಪಿಗ್ಮಿ ಮತ್ತೆ 50ರಿಂದ 100ಕ್ಕೆ ಏರಿದ ದಿನ ನನಗೆ ಇನ್ನೂ ನೆನಪಿದೆ. "ತಗೋ, ಇವತ್ತು ಪೂರ್ತಿ ಬರೆ" ಅಂದರು. ನಾನು ಮಷಿನ್ ಒತ್ತಿ ರಸೀದಿ ಹರಿದು ಕೊಟ್ಟೆ. ಕೈ ಸಣ್ಣಗೆ ನಡುಗುತ್ತಿತ್ತು.

ಇನ್ನು ಟೇಲರ್ ಅಂಗಡಿ. ಅವರಿಗೆ ರೆಡಿಮೇಡ್ ಬಂದ ಮೇಲೆ ಉಳಿದದ್ದು ಪ್ಯಾಂಟಿನ ತುದಿ ಮಡಿಸುವ ಕೆಲಸ ಮಾತ್ರ. ಮಕ್ಕಳ ಅಳತೆಯ ವೇಷ ಬಾಡಿಗೆಗೆ ಸಿಗುವುದು ಕಷ್ಟ, ಸಿಕ್ಕರೂ ದಗಲೆಯ, ಅಂದರೆ ವೇಷದ ಅಂಗಿಯ, ತೋಳು ಉದ್ದವಾಗಿ ಜೋಲುತ್ತದೆ. ಒಂದು ಹಳೇ ದಗಲೆ ಒಯ್ದು ಅವರ ಮೇಜಿನ ಮೇಲಿಟ್ಟೆ. ಒಳಗು ಹೊರಗು ಮಾಡಿ, ಹೊಲಿಗೆ ಬಿಚ್ಚಿ, ಕಾಗದದ ಮೇಲೆ ಗೆರೆ ಎಳೆದು, ನಾಲ್ಕು ದಿನದಲ್ಲಿ ಹತ್ತು ವರ್ಷದ ಹುಡುಗಿಗೆ ಸರಿಯಾಗುವ ದಗಲೆ ಹೊಲಿದುಕೊಟ್ಟರು. ಈಗ ಬೇರೆ ಊರಿನ ಶಾಲೆಗಳಿಂದಲೂ ಅವರಿಗೆ ಆರ್ಡರ್ ಬರುತ್ತದೆ. ಭುಜಕೀರ್ತಿ, ಕಿರೀಟಕ್ಕೆ ಹಗುರ ಮರ ಕೆತ್ತಿ ಬೇಗಡೆ ಅಂಟಿಸಿ ಕೊಡುವವರೂ ಹತ್ತಿರದಲ್ಲೇ ಸಿಕ್ಕರು. ಗುಡಿಗಾರರ ಮನೆಯವರು, ಮದುವೆ ಸೀಸನ್ನಿನಲ್ಲಿ ಬೆಂಡಿನ ಬಾಸಿಂಗ ಮಾಡುವವರು. ಒಂದು ತಂಡ ಖರ್ಚು ಮಾಡುವ ದುಡ್ಡು ಎಲ್ಲಿ ಬೀಳುತ್ತದೆ ಅನ್ನುವುದು ಬಹಳ ಮುಖ್ಯ. ಅದು ಗಲ್ಲಿಯಲ್ಲೇ ಬೀಳಬೇಕು ಅಂತ ನಾವು ನಿಯಮವನ್ನೇ ಮಾಡಿಕೊಂಡಿದ್ದೇವೆ.

ದೊಡ್ಡದೊಂದು ತಪ್ಪನ್ನೂ ಮಾಡಿದೆವು. ಎರಡನೇ ವರ್ಷ ಉಮೇದು ಜಾಸ್ತಿಯಾಗಿ ಎರಡು ದಿನದ ಉತ್ಸವ ಇಟ್ಟೆವು. ರಸ್ತೆಗೆ ಅಡ್ಡ ಸ್ಟೇಜು, ಹೊರಗಿನ ಕಲಾವಿದರು, ಪೆಂಡಾಲ್, ಊಟವೂ ಹೊರಗಿನ ಕೇಟರಿಂಗ್. ಜನ ಕಿಕ್ಕಿರಿದು ಬಂದರು, ಚಪ್ಪಾಳೆ ಹೊಡೆದರು. ಆದರೆ ಆ ಎರಡು ದಿನ ಗಲ್ಲಿಯ ಐದು ಅಂಗಡಿಯವರು ಪಿಗ್ಮಿ ಕಟ್ಟಲಿಲ್ಲ. ಸ್ಟೇಜು ಅವರ ಬಾಗಿಲಿಗೇ ಅಡ್ಡವಾಗಿತ್ತು, ಗಿರಾಕಿ ಒಳಗೆ ಹೋಗುವ ಹಾಗೇ ಇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಉಳಿದದ್ದು ಪ್ಲಾಸ್ಟಿಕ್ ಲೋಟ ಮತ್ತು ನಮ್ಮ ಸಾಲ. ಕಷಾಯದ ಅಂಗಡಿಯವರು ಬೈಯಲಿಲ್ಲ, ಸುಮ್ನೆ ಪೊರಕೆ ತಗೊಂಡು ಗುಡಿಸಿದರು. ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಅದಾದ ಮೇಲೆ ದೊಡ್ಡ ಉತ್ಸವ ಮಾಡಿಲ್ಲ. ತಿಂಗಳಿಗೊಂದು ಸಣ್ಣ ತಾಳಮದ್ದಳೆ (ವೇಷ ಕಟ್ಟದೆ ಕೂತು ನಡೆಸುವ ಯಕ್ಷಗಾನ) ಅಥವಾ ಮಕ್ಕಳ ಪ್ರಸಂಗ, ವಖಾರಿಯ ಒಳಗೇ, ರಾತ್ರಿ 10ರೊಳಗೆ ಮಂಗಳ. 10ರ ನಂತರ ಮೈಕ್ ಹಾಕುವ ಹಾಗಿಲ್ಲ ಅನ್ನುವುದು ಹೇಗೂ ಕಾನೂನು. ಅದಕ್ಕಿಂತ ಹೆಚ್ಚಾಗಿ ಮೇಲ್ಮಾಳಿಗೆಯಲ್ಲಿ ಮಲಗುವ ವಯಸ್ಸಾದವರು ನಮ್ಮವರೇ ಅಲ್ವಾ?

ಇದೆಲ್ಲ ನಮ್ಮ ಹೊಸ ಆಲೋಚನೆ ಏನಲ್ಲ. ಹೊನ್ನಾವರದ ಹತ್ತಿರ ಗುಣವಂತೆಯಲ್ಲಿ ಕೆರೆಮನೆಯವರ ಯಕ್ಷಗಾನ ಮೇಳ 1934ರಿಂದ ನಡೆದು ಬಂದಿದೆ, ಅಲ್ಲೇ ಮಕ್ಕಳು ಕಲಿಯುತ್ತಾರೆ. ಘಟ್ಟದ ಮೇಲೆ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ ನಾಟಕ ಸಂಸ್ಥೆ ಒಂದು ಹಳ್ಳಿಯನ್ನೇ ನಾಟಕದ ಊರು ಮಾಡಿತು. ಎರಡೂ ಕಡೆ ಹೋಗಿ ನಾನು ಕಂಡದ್ದು, ಪ್ರದರ್ಶನ ಇಲ್ಲದ ದಿನವೂ ಅಲ್ಲಿ ಏನೋ ಒಂದು ನಡೆಯುತ್ತಲೇ ಇರುತ್ತದೆ. ಗಲ್ಲಿಗೆ ಬೇಕಾದದ್ದು ಅದೇ.

ಗೋಡೆಯ ಕತೆಯನ್ನೂ ಹೇಳಬೇಕು. ವಖಾರಿಯ ಹೊರಗೋಡೆಗೆ ಮೊದಲು ಪೇಂಟಿನಲ್ಲಿ ಚಿತ್ರ ಬರೆಸಿದೆವು. ಶಿರಸಿಯ ಮಳೆ ಗೊತ್ತಲ್ಲ, ಆಗಸ್ಟ್ ಹೊತ್ತಿಗೆ ಕರಿ ಪಾಚಿ ಬಂದು ಕೃಷ್ಣನ ಮುಖವೇ ಕಾಣದಾಯಿತು. ಆಗ ಅಕ್ಕೋರು, ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರ ಇಷ್ಟು ವರ್ಷ ಉಳಿದಿಲ್ಲವೇ, ಅದನ್ನೇ ಯಾಕೆ ಮಾಡಬಾರದು ಅಂದರು. ತಿಳಿದವರೊಬ್ಬರನ್ನು ಕರೆಸಿದೆವು. ಕರಾವಳಿಯಿಂದ ಚಿಪ್ಪಿನ ಸುಣ್ಣ ತಂದು, ಮರಳು ಬೆಲ್ಲದ ನೀರು ಸೇರಿಸಿ ಕೊಳೆಯಲು ಬಿಟ್ಟು, ಡಿಸೆಂಬರಿನಲ್ಲಿ ಸೂರಿನ ಅಡಿಯ ಗೋಡೆಗೆ ಗಾರೆ ಹಚ್ಚಿದೆವು. ಅದರ ಮೇಲೆ ಕೆಂಪು ಕಾವಿ ಬಳಿದು ಹೊಳೆಯ ನುಣುಪು ಕಲ್ಲಿನಿಂದ ತಿಕ್ಕುವುದು. ಗಾರೆ ಹಸಿ ಇರುವಾಗಲೇ ಚೂಪು ಮೊಳೆಯಲ್ಲಿ ಕೆರೆದರೆ ಕೆಂಪು ಎದ್ದು ಒಳಗಿನ ಬಿಳಿ ಗೆರೆ ಕಾಣುತ್ತದೆ. ಒಣಗಿತು ಅಂದರೆ ಚಕ್ಕೆ ಏಳುತ್ತದೆ, ಹಾಗಾಗಿ ಒಂದು ದಿನಕ್ಕೆ ಒಂದು ಮೊಳ ಅಗಲ ಮಾತ್ರ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಒಬ್ಬ ಹಮಾಲ ಮಾಮ ದಿನಾ ಬಂದು ಕಲ್ಲು ತಿಕ್ಕಿಕೊಡುತ್ತಿದ್ದರು. ಅವರು ಇದೇ ವಖಾರಿಯಲ್ಲಿ ಮೂಟೆ ಹೊತ್ತವರು. ಆ ಗೋಡೆಯ ಮುಂದೆ ಈಗ ಯಾರೂ ಎಲೆಅಡಿಕೆ ಉಗುಳುವುದಿಲ್ಲ.

ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ನಮ್ಮ ಊರಲ್ಲಿ ಬೇಡರ ವೇಷ ಕುಣಿಯುತ್ತದೆ, ಗಲ್ಲಿಗಲ್ಲಿಯಿಂದ ವೇಷ ಹೊರಡುತ್ತದೆ. ನಮ್ಮ ಗಲ್ಲಿಯದ್ದು ನಿಂತೇ ಹೋಗಿತ್ತು. ಜಾಗ ಸಿಕ್ಕಿದ ಮೇಲೆ ಹುಡುಗರು ತಾವಾಗಿಯೇ ಬಂದು "ಅಣ್ಣಾ, ವಖಾರಿ ಕೊಡ್ತೀರಾ, ತಾಲೀಮು ಮಾಡ್ತೇವೆ" ಅಂದರು. ಆ ರಾತ್ರಿ ನವಿಲುಗರಿ ಬೆನ್ನಿಗೆ ಕಟ್ಟಿ, ಕತ್ತಿ ಗುರಾಣಿ ಹಿಡಿದು, ಹಿಂದಿನಿಂದ ಇಬ್ಬರು ಹಗ್ಗ ಜಗ್ಗಿ ಹಿಡಿದಿರುವಾಗ ನಮ್ಮ ಗಲ್ಲಿಯ ವೇಷ ವಖಾರಿ ಬಾಗಿಲಿನಿಂದ ಹೊರಗೆ ನುಗ್ಗಿತಲ್ಲ, ದೊಡ್ಡಮ್ಮ ಕಣ್ಣೊರೆಸಿಕೊಂಡರು. ನಾನೂ.

ಈ ಥರ ಮಾಡಬೇಕು ಅಂತ ಇರುವವರಿಗೆ ಎರಡು ಮಾತು. ಸಂಘ ರಿಜಿಸ್ಟರ್ ಮಾಡಿಸಿ, ಕನಿಷ್ಠ 7 ಜನ ಸದಸ್ಯರು ಬೇಕು, ಇಲ್ಲದಿದ್ದರೆ ಅನುದಾನಕ್ಕೆ ಅರ್ಜಿ ಹಾಕುವುದೇ ಕಷ್ಟ. ಮತ್ತೆ ಜಾಗದ ಕಾಗದ. ಗಲ್ಲಿಗೆ ಜೀವ ಬರುತ್ತಿದ್ದಂತೆ ಅಲ್ಲಿನ ಬಾಡಿಗೆಯೂ ಏರುತ್ತದೆ, ಮೊದಲು ಹೊರಗೆ ಬೀಳುವವರು ನಾವೇ. ನಮಗೂ ಒಬ್ಬರು ಗೋಡೌನಿಗೆ ಜಾಸ್ತಿ ಬಾಡಿಗೆ ಕೊಡುತ್ತೇನೆಂದು ಪೈಪೋಟಿಗೆ ಬಂದಿದ್ದರು. 11 ತಿಂಗಳ ಕರಾರು ನಂಬಿ ಕೂರಬೇಡಿ. ಯಜಮಾನರ ಜೊತೆ ಕೂತು ಮಾತಾಡಿ 5 ವರ್ಷಕ್ಕೆ ಮಾಡಿಸಿದೆವು. ಒಂದು ವರ್ಷ ದಾಟಿದ ಕರಾರಾದ್ದರಿಂದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಲೇಬೇಕು, ಆ ಖರ್ಚಿಗೆ ಹಿಂದೆ ಮುಂದೆ ನೋಡಲಿಲ್ಲ. ಇನ್ನೊಂದು, ಹೆಣ್ಣುಮಕ್ಕಳಿಗೆ ಶೌಚಾಲಯ. ಅದನ್ನು ಕಟ್ಟಿಸಿದ ಮೇಲೆಯೇ ದೊಡ್ಡ ಹುಡುಗಿಯರು ತಾಲೀಮಿಗೆ ಬಂದದ್ದು. ಸ್ಟೇಜಿನ ಪರದೆಗಿಂತ ಮೊದಲು ಅದು ಆಗಬೇಕಿತ್ತು.

ಎಲ್ಲ ಶಟರ್ ಎದ್ದಿಲ್ಲ. ಇನ್ನೂ ನಾಲ್ಕಕ್ಕೆ ಬೀಗವೇ ಇದೆ. ಆದರೆ ನನ್ನ ಪಿಗ್ಮಿ ಪುಸ್ತಕದಲ್ಲಿ ಈ ವರ್ಷ ಮೂರು ಹೊಸ ಹೆಸರು ಸೇರಿವೆ. ಬರುವ ಮಂಗಳವಾರದಿಂದ ದೊಡ್ಡವರಿಗೂ ಮದ್ದಳೆ ಕಲಿಸುವುದು ಅಂತಿದೆ. ಮೊದಲು ಹೆಸರು ಕೊಟ್ಟವರು ಆ ಟೇಲರ್. ಬೆರಳು ಇನ್ನೂ ಚುರುಕಾಗಿದೆ ಮಾರಾಯ, ನೋಡೋಣ ಅಂದಿದ್ದಾರೆ.